ನಾಲ್ಕನೆಯ ಬೋರು

ಗೋಣಿಕೊಪ್ಪ ಬಸ್‌ಸ್ಟ್ಯಾಂಡಿನ ಹಿಂದೆ, ಪಟಾಕಿ ಗೋದಾಮು ದಾಟಿ
ಮೊಯ್ದು ಕಾಕನ ವಿಡಿಯೋ ಗೇಮಿನ ಗೂಡು.
ಕಣ್ಣೂರಿಂದ ಮಾಕುಟ್ಟದ ತಿರುವುಗಳನ್ನೆಲ್ಲ
ಮೀನಿನ ಲಾರಿಯಲ್ಲಿ ಹತ್ತಿಬಂದ ಪೆಟ್ಟಿಗೆ ಅದು,
ಬಿಸಿಲೇರಿದರೆ ಒಳಗಿಂದ ಮತ್ತಿಮೀನಿನ ವಾಸನೆ.

ಮೈತುಂಬ ಜಪಾನಿ ಅಕ್ಷರ. ಯಾರಿಗೂ ಬಾರದು.
ಟೋಕನ್ ಕೊಡುವ ಕೆಲಸ ನನ್ನದು, ಹದಿಮೂರು ವಯಸ್ಸು,
ಅರ್ಥ ಹೇಳುವ ಕೆಲಸವೂ ನನ್ನ ತಲೆಗೇ ಬಿತ್ತು.

ಅದು ಮಾತಾಡುತ್ತಿತ್ತು, ಒಡಕು ಸ್ಪೀಕರಿನಲ್ಲಿ.
ಹುಡುಗ ಔಟಾದರೆ "ಆಟೋ!" ಎಂದು ಕೂಗು.
ಹೊರಗೆ ತೂಕಡಿಸುತ್ತಿದ್ದ ಲಾರೆನ್ಸಣ್ಣ
ಎರಡು ಸಲ ಗಾಡಿ ತಿರುಗಿಸಿಕೊಂಡು ಬಂದಿದ್ದ.
ಚೆಂಡು ಅಡ್ಡಾದಿಡ್ಡಿ ಬಂದರೆ "ಬೋರು".
ಇನ್ನೊಂದು ಬಂದರೆ ಮತ್ತೆ "ಬೋರು".
ತನಗೇ ಬೇಜಾರೆಂದು ಒಪ್ಪಿಕೊಳ್ಳುವ ಯಂತ್ರವನ್ನು
ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ನಿಯಮ ತಿಳಿಯದೆ ನಾವೇ ಮಾಡಿಕೊಂಡೆವು.
ಮೂಲೆಗೊಂದು ಬಿಳಿ ಚೌಕ, ಚೌಕಾಬಾರದ ಮನೆಗಳು.
ಸುತ್ತು ಮುಗಿಸಿ ಹೊರಟಲ್ಲಿಗೇ ಬಂದವನು ಹಣ್ಣು.
ನಡುವೆ ಸಿಕ್ಕಿಬಿದ್ದವನು ಕಾಯಿ.
ಬೇಸ್ ಎಂಬ ಮಾತು ಕಿವಿಗೆ ಬೀಳುವ ಹೊತ್ತಿಗೆ
ನನಗೆ ಮೀಸೆ ಬಂದಿತ್ತು.

ಚೋಂದಮ್ಮ ಬಂದದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು.
ಕಾಲೇಜು ಹಾಕಿ ಟೀಮಿನ ಲೆಫ್ಟ್ ಇನ್.
ಚಿಕ್ಕಪ್ಪ, ಅತ್ತಿಗೆ, ಒಂಬತ್ತನೇ ಕ್ಲಾಸಿನ ತಮ್ಮ,
ಮನೆತನಕ್ಕೆ ಮನೆತನವೇ ಕೋಲು ಹಿಡಿದು ಬೆವರುವಾಗ
ಇವಳಿಗೆ ಬೆಂಚು.
ಕುಟ್ಟದ ಬಸ್ಸು ಐದೂ ಮುಕ್ಕಾಲಿಗೆ. ಅಲ್ಲಿಯವರೆಗೆ ನಮ್ಮಲ್ಲಿ.
ಊರುಗೋಲು ಪೆಟ್ಟಿಗೆಗೆ ಒರಗಿಸಿ
ಬಂದ ಚೆಂಡಿಗೆಲ್ಲ ಬೀಸಿದಳು.
ವಾರವಿಡೀ ಆಟೋ, ಆಟೋ, ಆಟೋ.

ಒಂದು ಗುರುವಾರ ಕರೆಂಟು ಮಂಕಾಗಿ
ಪರದೆ ಅರ್ಧ ಕಾಣದು. ಗುಂಡಿ ಒತ್ತದೆ ನಿಂತಳು.
ಬೋರು.
ಬೋರು. ಬೋರು.
ನಾಲ್ಕನೆಯ ಬೋರಿಗೆ
ಹುಡುಗ ಬ್ಯಾಟು ಕೆಳಗಿಟ್ಟ.
ಓಡಲಿಲ್ಲ. ಅಟ್ಟಿಸುವವರೂ ಇಲ್ಲ.
ನೆರೆಮನೆಗೆ ಸಕ್ಕರೆ ಕೇಳಲು ಹೊರಟವನ ಹಾಗೆ
ಮೊದಲನೇ ಮನೆಗೆ ನಡೆದುಕೊಂಡು ಹೋದ.

"ಎಂತ ಆಟ ಮಾರಾಯ ಇದು,
ಸುಮ್ಮನೆ ನಿಂತದ್ದಕ್ಕೂ ಮುಂದೆ ಕಳಿಸ್ತಾರಲ್ಲ!"
ಅಂದಳೇ ಹೊರತು ನಗಲಿಲ್ಲ.
ಪ್ಲಾಸ್ಟರಿನ ಕಾಲನ್ನೇ ನೋಡಿಕೊಂಡಳು ಸ್ವಲ್ಪ ಹೊತ್ತು.

ಅಂದಿನಿಂದ ಒಂದು ಟೋಕನ್ನಿಗೆ ನಲವತ್ತು ನಿಮಿಷ.
ಕಾಕ ಗಡಿಯಾರ ನೋಡುತ್ತ ಗಡ್ಡ ಕೆರೆದುಕೊಂಡ.

ಹೆಚ್ಚು ಅಂಕಕ್ಕೆ ಹೆಸರು ಬರೆಯಬೇಕು, ಮೂರೇ ಅಕ್ಷರ.
ಓದಲಾಗದ ಆ ಸಂತೆಯಲ್ಲಿ ಹುಡುಕಿ ಹುಡುಕಿ
ನೇರ ಇಳಿದು ತುದಿಯಲ್ಲಿ ಬಾಗಿದ ಒಂದನ್ನು ಹೆಕ್ಕಿದಳು,
ಥೇಟ್ ಹಾಕಿ ಕೋಲು.
ಸಾಲಾಗಿ ಮೂರು ಕೋಲು.
ರಾತ್ರಿ ಮೈನ್ ಆರಿಸಿದರೆ ಅಳಿಸಿಹೋಗುತ್ತಿತ್ತು.
ಮರುದಿನ ಮತ್ತೆ ಗೆದ್ದು ಮತ್ತೆ ಬರೆಯುತ್ತಿದ್ದಳು.
ಪ್ಲಾಸ್ಟರ್ ಬಿಚ್ಚಿದ ಮೇಲೆ ಬರಲಿಲ್ಲ.
ಅವಳಿಲ್ಲದ ಸಂಜೆ ಒಂದೆರಡು ಸಲ ನಾನೇ ಬರೆಯಲು ನೋಡಿದೆ,
ಅಷ್ಟು ಅಂಕ ಆಗಲಿಲ್ಲ.

ಈಗ ನಾನು ಕಾಫಿ ಕ್ಯೂರಿಂಗಿನಲ್ಲಿ ರುಚಿ ನೋಡುವವನು,
ಹೀರುವುದು, ಉಗುಳುವುದು, ಬರೆಯುವುದು.
ಹೋದ ಫೆಬ್ರವರಿ ಒಸಾಕಾದಿಂದ ನೊಮುರಾ ಎಂಬ ಹಿರಿಯರು
ರೋಬಸ್ಟಾ ಕೊಳ್ಳಲು ಬಂದಾಗ, ಚಮಚ ತೊಳೆಯುವ ನಡುವೆ
ಹಾಳೆಯ ಅಂಚಿಗೆ ಮೂರು ಕೋಲು ಗೀಚಿ ಕೇಳಿದೆ:
ಇದು ಯಾರ ಹೆಸರಾಗಬಹುದು?

ಹೆಸರಲ್ಲ, ಎಂದರು.
ಕನ್ನಡಕ ತೆಗೆದು, ಬಾಯಿಗೆ ಕೈ ಅಡ್ಡ ಹಿಡಿದು
ಮಾಡಿಯೇ ತೋರಿಸಿದರು:
ಶಿಶಿಶಿ.
ಹಲ್ಲುಸಂದಿಯಿಂದ ಸೋರುವ ಕಳ್ಳನಗೆ.

ದಿನಾ ಸಂಜೆ, ಎಲ್ಲರ ಅಂಕಗಳ ಮೇಲೆ,
ಐದೂ ಮುಕ್ಕಾಲಿನ ಬಸ್ಸಿಗೆ ಮುಂಚೆ.
ಅವಳಿಗೂ ಗೊತ್ತಿರಲಿಲ್ಲ.

ನೊಮುರಾ ಆಗಲೇ ಮುಂದಿನ ಬಟ್ಟಲಿಗೆ ಬಾಗಿದ್ದರು.
ನನ್ನದು ಆರುತ್ತಿತ್ತು. ಚಮಚ ಎತ್ತದೆ
ನಿಂತಿದ್ದೆ.